ಇಳಿಸಿಕೊಟ್ಟ ವ್ಯಾನು

ನಮ್ಮಣ್ಣನ ಮೊಮ್ಮಗ ನರಸಾಪುರದ ಕಾರ್ಖಾನೆಯೊಂದಕ್ಕೆ ಸೇರಿದ್ದಾನೆ. ಗಾಡಿಗಳ ಸಸ್ಪೆನ್ಷನ್ ವಿಭಾಗವಂತೆ. ಹೋದ ವಾರ ಬಂದವನು, "ತಾತಾ, ನಿಮ್ ಕಾಲದಲ್ಲಿ ಕಂಪ್ಯೂಟರ್ ಇಲ್ದೆ ಗಾಡಿ ಎಷ್ಟು ಕೂರ್ತೈತೆ ಅಂತ ಹೆಂಗೆ ಗೊತ್ತಾಗ್ತಿತ್ತು?" ಅಂತ ಕೇಳಿದ. ಕೋಲಿತ್ತು ಕಣೋ ಅಂದೆ. ನಕ್ಕ. ನಗಲಿ. ಅವನಿಗೆ ಬಾಯಲ್ಲಿ ಹೇಳಿದರೆ ಅರ್ಧ ಕೇಳಿ ಫೋನು ತೆಗೆಯುತ್ತಾನೆ, ಅದಕ್ಕೇ ಬರೆದಿಡುತ್ತಿದ್ದೇನೆ.

ನಾನು ಶ್ರೀನಿವಾಸಪುರ ತಾಲ್ಲೂಕಿನವನು. ಮನೆಯಲ್ಲಿ ರಾಗಿ, ಹಿಪ್ಪುನೇರಳೆ. ಸೊಪ್ಪು ಕೊಯ್ದು ಹುಳಕ್ಕೆ ಹಾಕುವ ಕೆಲಸ ನನಗೆ ಹಿಡಿಸಲಿಲ್ಲ. ಮೀಸೆ ಬಲಿಯುವ ವಯಸ್ಸಿಗೆ ಕೋಲಾರಕ್ಕೆ ಬಂದು, ಮುಳಬಾಗಿಲು ರಸ್ತೆಯಲ್ಲಿದ್ದ ಖಾದರ್ ಸಾಬರ ಪಾಟಾ ಶೆಡ್ಡು ಸೇರಿದೆ. ಲಾರಿ, ವ್ಯಾನುಗಳ ಚಕ್ರದ ಹತ್ತಿರ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರಲ್ಲ, ಗಾಡಿಯ ಭಾರವನ್ನೆಲ್ಲ ಹೊರುವುದು ಅವೇ. ಅದಕ್ಕೆ ನಮ್ಮಲ್ಲಿ ಪಾಟಾ ಅನ್ನುತ್ತಾರೆ. ತುಂಡಾದದ್ದನ್ನು ಬದಲಿಸುವುದು, ಚಪ್ಪಟೆಯಾದದ್ದನ್ನು ಕುಲುಮೆಯಲ್ಲಿ ಕಾಯಿಸಿ ಬಡಿದು ಮತ್ತೆ ಬಾಗಿಸುವುದು, ಇಷ್ಟೇ ಕಸುಬು. ಬೇಸಿಗೆಯಲ್ಲಿ ಕುಲುಮೆ ಮುಂದೆ ನಿಂತರೆ ಪ್ರಾಣ ಹೋಗಿ ಬಂದಂತಾಗುತ್ತಿತ್ತು.

ಮೊದಲ ವರ್ಷವೇ ನಾನು ಒಂದು ಲಾರಿ ಕೆಡವಿದೆ. ಶ್ರೀನಿವಾಸಪುರದಿಂದ ಮಾವಿನಕಾಯಿ ಹೊರುವ ಲಾರಿ ಅದು. ಎರಡೂ ಕಡೆ ಪಾಟಾ ಕಟ್ಟಿ, ದೂರ ನಿಂತು ನೋಡಿದೆ, ನೆಟ್ಟಗಿತ್ತು, ಕಳಿಸಿಬಿಟ್ಟೆ. ಒಂದು ಕಡೆ ನಾನು ಹಾಕಿದ್ದು ಸವೆದ ಪಟ್ಟಿಗಳು. ಖಾಲಿ ಇದ್ದಾಗ ಅದು ಕಾಣಲಿಲ್ಲ. ಮಾವು ತುಂಬಿದ ಮೇಲೆ ಲಾರಿ ಆ ಕಡೆಗೆ ವಾಲಿಕೊಂಡು ಹೋಗಿ, ಕೆರೆ ಏರಿಯ ತಿರುವಿನಲ್ಲಿ ಮಗುಚಿತು. ಡ್ರೈವರನ ಭುಜದ ಮೂಳೆ ಮುರಿಯಿತು. ನಾವು ಹೋಗುವಷ್ಟರಲ್ಲಿ ಕೆರೆ ತುಂಬ ಮಾವಿನಕಾಯಿ ತೇಲುತ್ತಿದ್ದವು. ಖಾದರ್ ಸಾಬರು, ನಮ್ಮ ಉಸ್ತಾದರು, ನನಗೆ ಹೊಡೆಯಲಿಲ್ಲ, ಬೈಯಲೂ ಇಲ್ಲ. ಸೊಂಟದ ಮಟ್ಟದ ನೀರಿಗೆ ಇಳಿಸಿ, ಸಂಜೆವರೆಗೂ ನನ್ನ ಕೈಲಿ ಕಾಯಿ ಆಯಿಸಿದರು. ಆಮೇಲೆ ಹೇಳಿದರು:

"ಖಾಲಿ ಗಾಡಿ ಅಳೀಬೇಡ ಬೇಟಾ. ಯಾರು ಕೂರ್ತಾರೋ ಅವರನ್ನೇ ಕೂರ್ಸು, ಏನು ತುಂಬ್ತಾರೋ ಅದನ್ನೇ ತುಂಬ್ಸು. ಆಮೇಲೆ ಕೋಲಿಡು. ಕೋಲು ಏನು ಹೇಳ್ತದೋ ಅದೇ ಖರೆ."

ಅವತ್ತಿನಿಂದ ನಮ್ಮ ಶೆಡ್ಡಿನ ಪದ್ಧತಿ ಅದು. ಪ್ರತಿ ಗಾಡಿಗೂ ಒಂದು ಬಿದಿರಿನ ಕೋಲು. ಅದರ ಬುಡವನ್ನು ಚಕ್ರದ ನಡುವಿನ ಹಬ್ಬಿನ ಮೇಲೆ ನಿಲ್ಲಿಸಿ, ಮಡ್ಗಾರ್ಡಿನ ಅಂಚು ಎಲ್ಲಿಗೆ ಬರುತ್ತದೋ ಅಲ್ಲಿ ಚಾಕುವಿನಿಂದ ಗೀರು ಹಾಕುತ್ತಿದ್ದೆವು. ಖಾಲಿಗೆ ಒಂದು ಗೀರು. ಭಾರ ಹತ್ತಿಸಿದಂತೆ ಅಂಚು ಕೆಳಗಿಳಿಯುತ್ತದೆ, ಅಲ್ಲೊಂದು ಗೀರು. ಗಾಡಿ ನಂಬರು ಕೆತ್ತಿ ಕೋಲನ್ನು ಸೂರಿಗೆ ಸಿಕ್ಕಿಸುವುದು. ಗಿರಾಕಿಗಳು ಗೊಣಗುತ್ತಿದ್ದರು. ಒಬ್ಬ ಮದುವೆ ವ್ಯಾನಿನವನನ್ನು ಹದಿನಾಲ್ಕು ಜನ ನೆಂಟರ ಸಮೇತ ವಾಪಸು ಕರೆಸಿದ್ದೆ. ಅವರು ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಎಲ್ಲರೂ ಬರುತ್ತಿದ್ದುದು ಗಾಡಿ ಎತ್ತಿ ಕೊಡು ಅಂತಲೇ. ಮಾಲೂರಿನ ಇಟ್ಟಿಗೆ ಲಾರಿಯವರಿಗಂತೂ ಎಷ್ಟು ಎತ್ತಿದರೂ ಸಾಲದು. ಇಳಿಸಿ ಕೊಡು ಅಂತ ಕೇಳಿ ಬಂದವರು ನನ್ನ ಇಡೀ ಆಯುಸ್ಸಿನಲ್ಲಿ ಒಬ್ಬರೇ. ಮಾಲೂರಿನ ಶ್ರೀಪಾದರಾಯರು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ರಾಯರು ಸರ್ವೇಯರಾಗಿದ್ದು ನಿವೃತ್ತರಾದವರು. ಹರಾಜಿನಲ್ಲಿ ಒಂದು ಹಳೇ ಆಂಬುಲೆನ್ಸ್ ವ್ಯಾನು ಕೊಂಡು, ಒಳಗೆ ಎರಡು ಮಂಚ, ಸೀಮೆಎಣ್ಣೆ ಒಲೆ, ನೀರಿನ ಡ್ರಮ್ಮು, ಕಿಟಕಿಗೆ ಪರದೆ ಎಲ್ಲ ಮಾಡಿಸಿದ್ದರು. ವ್ಯಾನಿನಲ್ಲೇ ಅಡುಗೆ, ವ್ಯಾನಿನಲ್ಲೇ ನಿದ್ದೆ. ಅಂಥ ಗಾಡಿ ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಟೀ ಅಂಗಡಿಯವರೆಲ್ಲ ಬಂದು ಇಣುಕಿ ನೋಡಿದರು.

"ಒಂದು ಗೇಣು ಇಳಿಸಿ ಕೊಡಪ್ಪ," ಅಂದರು ರಾಯರು.

"ಯಾಕೆ ಸ್ವಾಮಿ? ನಮ್ ರೋಡುಗಳು ನೋಡಿದೀರಲ್ಲ. ಅಡಿ ಎಲ್ಲ ಕಲ್ಲಿಗೆ ತಗಲುತ್ತೆ."

ಅವರು ವ್ಯಾನಿನಿಂದ ಸ್ವಲ್ಪ ದೂರ ಕರೆದುಕೊಂಡು ಹೋಗಿ ಹೇಳಿದರು. ಹೆಂಡತಿಗೆ ಹೊಟ್ಟೆಯಲ್ಲಿ ಗೆಡ್ಡೆ. ಬೆಂಗಳೂರಿನ ಡಾಕ್ಟರು ಇನ್ನು ನೋವಾಗದ ಹಾಗೆ ನೋಡಿಕೊಳ್ಳಿ ಅಂತಷ್ಟೇ ಹೇಳಿ ಕಳಿಸಿದ್ದರು. ಮೂವತ್ತು ವರ್ಷ ರಾಯರು ಸರಪಳಿ ಹಿಡಿದು ಊರೂರು ಅಳೆಯುತ್ತಾ, ಶಾಲೆ ಜಗುಲಿಯಲ್ಲಿ, ಚಾವಡಿಯಲ್ಲಿ ಮಲಗಿ ಕಾಲ ಕಳೆದಿದ್ದರೆ, ಆಕೆ ಮಾಲೂರಿನ ಮನೆಯಲ್ಲಿ ಒಬ್ಬರೇ ಇದ್ದರು. ಮಕ್ಕಳಿಲ್ಲ. ಈಗ ಆ ಊರುಗಳನ್ನೆಲ್ಲ ತೋರಿಸಬೇಕು. ಆದರೆ ವ್ಯಾನಿನ ಮೆಟ್ಟಿಲು ಎತ್ತರ, ಹತ್ತಲಾಗದು. ಹತ್ತಿಸಿದರೂ ಒಂದೊಂದು ಗುಂಡಿಗೂ ಹೊಟ್ಟೆ ಹಿಡಿದುಕೊಳ್ಳುತ್ತಾರೆ.

"ಎಷ್ಟು ದಿನ ಇರ್ತಾಳೋ ಗೊತ್ತಿಲ್ಲ ಮುನಿಶಾಮಿ. ಇರೋಷ್ಟು ದಿನ ನೋವಿಲ್ದೆ ಓಡಾಡ್ಬೇಕು."

ಈ ಕೆಲಸಕ್ಕೆ ಬರುವವರು ಇಲ್ಲಿ ಸ್ವಲ್ಪ ಗಮನ ಕೊಡಿ. ಗಾಡಿ ಇಳಿಸಲು ಮೂರು ದಾರಿ. ಒಂದು, ಇರುವ ಪಾಟಾದಿಂದ ಎರಡು ಪಟ್ಟಿ ಕಳಚುವುದು. ಇದು ಸೋಮಾರಿ ಕೆಲಸ. ಗಾಡಿ ಇಳಿಯುತ್ತದೆ, ಅದರ ಜೊತೆ ಬಲವೂ ಇಳಿಯುತ್ತದೆ, ಮೊದಲನೇ ಗುಂಡಿಗೇ ಕಟ್ ಆಗುತ್ತದೆ. ಎರಡು, ಪಾಟಾವನ್ನು ಆಕ್ಸಲಿನ ಕೆಳಗೆ ತಂದು, ನಡುವೆ ಕಬ್ಬಿಣದ ಗಟ್ಟಿ ಇಟ್ಟು ಉದ್ದನೆ ಬೋಲ್ಟು ಬಿಗಿಯುವುದು. ಇದು ಸುಲಭ, ಗಟ್ಟಿಮುಟ್ಟು. ಆದರೆ ಪಾಟಾ ಹಳೆಯದೇ ಆದ್ದರಿಂದ ಕುಲುಕಾಟ ಹಾಗೇ ಇರುತ್ತದೆ. ಮೂರನೆಯದು ಹೊಸದಾಗಿ ತೆಳು ಪಟ್ಟಿಗಳನ್ನು ಉದ್ದಕ್ಕೆ ಕತ್ತರಿಸಿ, ಸಂಖ್ಯೆ ಹೆಚ್ಚು ಮಾಡಿ, ಬಾಗು ಕಮ್ಮಿ ಮಾಡಿ ಬಡಿಯುವುದು. ಕೈ ಬಿದ್ದು ಹೋಗುವಷ್ಟು ಕೆಲಸ. ಗಾಡಿ ಇಳಿಯುತ್ತದೆ, ಮೆತ್ತಗೂ ಆಗುತ್ತದೆ.

ನಾನು ಮೂರನೆಯದನ್ನೇ ಆರಿಸಿದೆ. ಗೇಣು ಆಗಲ್ಲ, ನಾಲ್ಕು ಬೆರಳು ಇಳಿಸ್ತೀನಿ ಅಂತ ಒಪ್ಪಿಸಿದೆ. ಮೆತ್ತಗಿನ ಪಾಟಾಕ್ಕೆ ಒಂದು ಗುಣವಿದೆ. ಲಾರಿ ಪಾಟಾದ ಮೇಲೆ ಒಬ್ಬರು ಹತ್ತಿದರೂ ಇಳಿದರೂ ಕೋಲಿಗೆ ಗೊತ್ತಾಗುವುದಿಲ್ಲ. ಇದು ಹಾಗಲ್ಲ, ಒಬ್ಬ ಮನುಷ್ಯ ಮಲಗಿದರೆ ಒಂದು ಬೆರಳು ಕೂರುತ್ತದೆ. ಮುಂದಿನದು ಅರ್ಥವಾಗಬೇಕಾದರೆ ಇದನ್ನು ನೆನಪಿಟ್ಟುಕೊಳ್ಳಿ.

ಎಂಟು ದಿನ ಬಡಿದೆ. ಪಾಟಾ ಏರಿಸಿದ ಮೇಲೆ, ಅಮ್ಮನವರನ್ನು ಕರೆತನ್ನಿ, ಮಲಗಿಸಿಯೇ ಅಳೆಯಬೇಕು ಅಂದೆ. ರಾಯರಿಗೆ ಸಂಕೋಚ. ಆದರೆ ಸೀತಮ್ಮನವರು ತಾವೇ ಬಂದರು. ಆಕೆಯ ತವರು ಮುಳಬಾಗಿಲಿನ ಆಚೆ, ಆಂಧ್ರದ ಗಡಿ. ಮಾತಿಗೊಂದು ತೆಲುಗು. ಸಣ್ಣಗೆ, ಬೆಳ್ಳಗೆ, ಬಟ್ಟೆಯೇ ಭಾರವೇನೋ ಅನ್ನುವಂತಿದ್ದರು. ಮೆಟ್ಟಿಲ ಮೇಲೆ ಕಾಲಿಟ್ಟು ಯಾರ ಕೈಯನ್ನೂ ಹಿಡಿಯದೆ ಹತ್ತಿದರು. ರಾಯರ ಕಣ್ಣಲ್ಲಿ ನೀರು ಬಂತು.

ಆಕೆ ಎಡಗಡೆ ಕಿಟಕಿಯ ಮಂಚದ ಮೇಲೆ ಮಲಗಿದರು. ಎಡ ಹಿಂಚಕ್ರಕ್ಕೆ ಕೋಲಿಟ್ಟೆ. ಖಾಲಿಯ ಗೀರು ಆಗಲೇ ಹಾಕಿದ್ದೆ. ಅದರ ಕೆಳಗೆ ಎರಡನೇ ಗೀರು ಹಾಕಿದೆ. ಆಮೇಲೆ ರಾಯರು ಬಲಗಡೆ ಮಂಚದಲ್ಲಿ ಮಲಗಿದರು. ಮೂರನೇ ಗೀರು. ಇಬ್ಬರೂ ಒಳಗಿದ್ದಾಗ ಗಾಡಿ ನೀರು ಕಟ್ಟಿದ ಗದ್ದೆಯ ಹಾಗೆ ಮಟ್ಟವಾಗಿ ನಿಂತಿತ್ತು.

ಸೀತಮ್ಮನವರು ಕಿಟಕಿಯಿಂದ ಬಗ್ಗಿ ಕೋಲು ನೋಡಿದರು.

"ಏಮಿ ನಾಯನಾ, ನನ್ನ ಭಾರ ಬರ್ಕೊಂಡ್ಯಾ ಅದರಲ್ಲಿ?"

"ಹೂಂ ಅಮ್ಮಾ. ಎರಡನೇದು ನಿಮ್ದು."

"ಅಷ್ಟೇನಾ? ಹಂಗಾದ್ರೆ ನಾನಿನ್ನೂ ಇದೀನಿ ಅನ್ನು." ನಕ್ಕರು. ಆಮೇಲೆ ನಗು ನಿಲ್ಲಿಸಿ, ನನಗಷ್ಟೇ ಕೇಳುವಂತೆ ದನಿ ತಗ್ಗಿಸಿ, "ಇನ್ನೊಂದು ಮಾತು. ಇವರ ಮಾತು ಕೇಳಿ ಈ ಗಾಡೀನ ಮತ್ತೆ ಎತ್ತಿಬಿಡಬೇಡ ನಾಯನಾ. ಎತ್ತಿದ್ರೆ ನನಗೆ ಹತ್ತಕ್ಕಾಗಲ್ಲ," ಅಂದರು.

ಎತ್ತಲ್ಲ ಅಂದೆ. ಗಿರಾಕಿಗೆ ಹೇಳುವ ಹಾಗೆ ಹೇಳಿಬಿಟ್ಟೆ.

ಪಾಟಾ ಕೆಲಸ ಮುಗಿದ ಗಾಡಿಯ ಮಡ್ಗಾರ್ಡಿನ ಮೇಲೆ ನಮ್ಮ ಶೆಡ್ಡಿನ ಹೆಸರು, ಊರು ಬರೆಯುವುದು ರೂಢಿ. ಬರೆದು ಕಳಿಸಿದೆ. ಆರೇಳು ತಿಂಗಳು ಅವರ ಸುದ್ದಿ ಇರಲಿಲ್ಲ.

ಮತ್ತೆ ಬಂದದ್ದು ಮಾಗಿಯ ಒಂದು ಬೆಳಿಗ್ಗೆ. ಮಂಜು ಇನ್ನೂ ರಸ್ತೆ ಮೇಲೆ ಇತ್ತು. ರಾಯರು ಒಬ್ಬರೇ ಮುಂದಿನ ಸೀಟಿನಿಂದ ಇಳಿದರು. ಗಡ್ಡ ಬಿಟ್ಟಿದ್ದರು. ಸೈಲೆನ್ಸರ್ ಕಲ್ಲಿಗೆ ಬಡಿದು ನಜ್ಜುಗುಜ್ಜಾಗಿತ್ತು. ನಾನು ಅಭ್ಯಾಸದಂತೆ ಸೂರಿನಿಂದ ಅವರ ಕೋಲು ತೆಗೆದು ಎಡ ಹಿಂಚಕ್ರಕ್ಕೆ ಇಟ್ಟೆ. ಎರಡನೇ ಗೀರಿಗೆ ಸರಿಯಾಗಿ ನಿಂತಿತ್ತು. ಓ, ಅಮ್ಮ ಒಳಗೆ ಮಲಗಿದ್ದಾರೆ ಅಂದುಕೊಂಡೆ. ಸುತ್ತಿಗೆಗೆ ಗೋಣಿ ಸುತ್ತಿಕೊಂಡು, ಸದ್ದಾಗದ ಹಾಗೆ ಮೆಲ್ಲಗೆ ಸೈಲೆನ್ಸರ್ ಬಡಿಯತೊಡಗಿದೆ.

"ಜೋರಾಗೇ ಬಡಿ ಮುನಿಶಾಮಿ," ಅಂದರು ರಾಯರು. "ಅವಳು ಹೋಗಿ ಮೂರು ತಿಂಗಳಾಯ್ತು."

ಕೈಯಲ್ಲಿದ್ದ ಸುತ್ತಿಗೆ ಹಾಗೇ ನಿಂತಿತು. ಗಾಡಿ ಕೆಳಗಿನಿಂದ ಈಚೆ ಬಂದು ಹಿಂದಿನ ಬಾಗಿಲು ತೆಗೆದೆ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಎಡಗಡೆ ಮಂಚದ ಮೇಲೆ ದುಪ್ಪಟಿ ಹಾಸಿತ್ತು, ದಿಂಬಿತ್ತು. ಯಾರೂ ಇರಲಿಲ್ಲ. ಮಂಚದ ಕೆಳಗೆ ನೋಡಿದೆ. ಒಂದು ಜೊತೆ ಚಪ್ಪಲಿ. ಡ್ರಮ್ಮಿನ ನೀರು ಅವತ್ತು ಅಳೆದಾಗ ಇದ್ದಷ್ಟೇ.

ಪಾಟಾ ಸೋತಿರಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಹೊಸ ಪಾಟಾ ಆರು ತಿಂಗಳಿಗೆ ಸೋಲುವುದುಂಟು, ಬಡಿದವನ ತಪ್ಪಿದ್ದರೆ. ಬಿಚ್ಚಿ ನೆಲದ ಮೇಲಿಟ್ಟು ಬಾಗು ಅಳೆದೆ. ಒಂದು ನೂಲೂ ಕಮ್ಮಿಯಾಗಿರಲಿಲ್ಲ. ಮತ್ತೆ ಏರಿಸಿ ಕೋಲಿಟ್ಟೆ. ಅದೇ ಎರಡನೇ ಗೀರು. ನಾನು ದೆವ್ವ ಭೂತ ನಂಬುವವನಲ್ಲ. ಸ್ಮಶಾನದ ಪಕ್ಕದ ಶೆಡ್ಡಿನಲ್ಲಿ ಕೆಲಸ ಮಾಡಿಕೊಂಡು ಮಧ್ಯಾಹ್ನ ಅಲ್ಲೇ ಹೊಂಗೆ ನೆರಳಿಗೆ ಮಲಗುತ್ತಿದ್ದವನು. ಆದರೆ ಕೋಲನ್ನು ನಂಬುತ್ತಿದ್ದೆ. ಅವತ್ತು ನನಗೆ ಆ ಕೋಲನ್ನು ಒಲೆಗೆ ಹಾಕಬೇಕು ಅನ್ನಿಸಿತು.

ಭಯಕ್ಕೆ ಮನುಷ್ಯ ಏನೇನೋ ಮಾಡುತ್ತಾನೆ. ನಾನು ರಾಯರಿಗೆ ಜೋರು ಮಾಡಿದೆ. "ಸ್ವಾಮಿ, ಇನ್ನು ಯಾರಿಗೆ ಈ ತಗ್ಗು? ನೀವು ಒಬ್ಬರೇ ಕಾಡುಮೇಡು ಅಲೀತೀರಿ. ಇವತ್ತು ಸೈಲೆನ್ಸರ್, ನಾಳೆ ಡೀಸೆಲ್ ಟ್ಯಾಂಕು. ಎಲ್ಲೋ ನಿಂತುಬಿಟ್ರೆ ಕೇಳೋರು ಯಾರು? ಹಳೇ ಪಾಟಾ ಹಾಕಿ ಎತ್ತಿ ಕೊಡ್ತೀನಿ."

ರಾಯರು ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ವ್ಯಾನಿನ ಮೆಟ್ಟಿಲನ್ನೇ ನೋಡುತ್ತಾ ನಿಂತಿದ್ದರು. ನಾನು ಸಂಜೆಯೊಳಗೆ ಹಳೇ ಪಾಟಾ ಏರಿಸಿ ಕಳಿಸಿದೆ. ಎರಡೂ ಕಡೆ ಸಮವಾಗಿ, ಎತ್ತರಕ್ಕೆ, ಕಲ್ಲಿನ ಹಾಗೆ ನಿಂತಿತ್ತು. ಹೊಸ ಪಾಟಾವನ್ನು ಗೋಡೆಗೆ ಒರಗಿಸಿದೆ. ಸೀತಮ್ಮನವರಿಗೆ ಕೊಟ್ಟ ಮಾತು ನೆನಪಿರಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ನೆನಪಿತ್ತು. ಸತ್ತವರಿಗೆ ಕೊಟ್ಟ ಮಾತು ಅಂತ ಬಿಟ್ಟೆ.

ಹತ್ತು ದಿನಕ್ಕೆ ರಾಯರು ಮತ್ತೆ ಬಂದರು. ನಡು ಮಧ್ಯಾಹ್ನ. ಉಸ್ತಾದರು ನಮಾಜಿಗೆ ಹೋಗಿದ್ದರು, ಶೆಡ್ಡಿನಲ್ಲಿ ನಾನೊಬ್ಬನೇ. ರಾಯರ ಕಣ್ಣು ಒಳಗೆ ಹೋಗಿದ್ದವು. ಹತ್ತು ದಿನದಲ್ಲಿ ಹತ್ತು ವರ್ಷ ವಯಸ್ಸಾದಂತೆ ಕಂಡರು.

"ಅವಳಿಗೆ ಹತ್ತಕ್ಕಾಗ್ತಿಲ್ಲ ಕಣಪ್ಪ."

"ಯಾರಿಗೆ ಸ್ವಾಮಿ?"

"ಬಾಗಿಲ ಹತ್ರ ನಿಂತಿರ್ತಾಳೆ. ಬೆಳಿಗ್ಗೆ ಬಾಗಿಲು ತೆಗೆದ್ರೆ ಮೆಟ್ಟಿಲ ಮುಂದೆ ಹುಲ್ಲು ತುಳಿದಿರುತ್ತೆ, ಒಂದೇ ಜಾಗದಲ್ಲಿ. ಆಮೇಲೆ ನಾನು ಗಾಡಿ ತಗೊಂಡು ಹೊರಡಬೇಕು. ಹೆಂಗೆ ಹೊರಡ್ಲಿ ಹೇಳು? ಬಿಟ್ಟು ಹೋದ ಹಾಗಾಗುತ್ತೆ. ಮೂವತ್ತು ವರ್ಷ ಬಿಟ್ಟು ಹೋಗಿದ್ದೇ ಸಾಕು."

ಅವರು ಅಳುತ್ತಾ ಹೇಳಲಿಲ್ಲ. ಜಮೀನಿನ ಚಕ್ಕುಬಂದಿ ಓದುವ ಹಾಗೆ ಹೇಳಿದರು. ತಲೆ ಕೆಟ್ಟಿದೆ ಪಾಪ ಅನ್ನಿಸಿತು. ಮೆಟ್ಟಿಲು ಎತ್ತರವೆಂದು ರಾಯರಿಗೂ ಗೊತ್ತಿದ್ದದ್ದೇ. ಆದರೆ "ಎತ್ತಿದ್ರೆ ಹತ್ತಕ್ಕಾಗಲ್ಲ" ಅನ್ನುವ ಮಾತನ್ನು ಆಕೆ ಕಿಟಕಿಯಿಂದ ಬಗ್ಗಿ ನನ್ನ ಕಿವಿಗಷ್ಟೇ ಬೀಳುವ ಹಾಗೆ ಹೇಳಿದ್ದರು. ರಾಯರು ಆಗ ಆಚೆ ಮಂಚದಲ್ಲಿ ಕಣ್ಣು ಮುಚ್ಚಿ ಮಲಗಿದ್ದರು. ಅದೇ ಮಾತು ಅವರ ಬಾಯಿಗೆ ಹೇಗೆ ಬಂತು?

ನಾನು ಜಾಕ್ ಕೊಟ್ಟೆ. ಹಳೇ ಪಾಟಾ ಬಿಚ್ಚಿ, ಗೋಡೆಗೆ ಒರಗಿಸಿದ್ದ ಮೆತ್ತನೆ ಪಾಟಾ ಏರಿಸಿದೆ. ಗಾಡಿಯನ್ನು ನೆಲಕ್ಕಿಳಿಸಿ ಎರಡು ಸಲ ಅದುಮಿ ಕುಲುಕಿದೆ, ಪಟ್ಟಿಗಳು ಕೂರಲಿ ಅಂತ. ಕೋಲಿಟ್ಟೆ. ಮೊದಲನೇ ಗೀರು. ಖಾಲಿ. ಎದೆ ಹಗುರವಾಯಿತು. ನೋಡಿ ಸ್ವಾಮಿ ಅನ್ನಲು ಬಾಯಿ ತೆರೆದೆ.

ರಾಯರು ನನ್ನ ಪಕ್ಕದಲ್ಲೇ ನಿಂತಿದ್ದರು. ಅವರು ಹೋಗಿ ಹಿಂದಿನ ಬಾಗಿಲು ತೆರೆದು, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು. ದಾರಿ ಬಿಡುವವರ ಹಾಗೆ. ಗಾಳಿಯಿರಲಿಲ್ಲ. ರಸ್ತೆಯಲ್ಲಿ ಒಂದು ಗಾಡಿಯೂ ಇರಲಿಲ್ಲ. ಪಾಟಾ ಕಿರ್ರೆಂದಿತು. ಕೋಲು ಇನ್ನೂ ಹಬ್ಬಿನ ಮೇಲೆ, ನನ್ನ ಕೈಯಲ್ಲೇ ಇತ್ತು. ಮಡ್ಗಾರ್ಡಿನ ಅಂಚು ನಿಧಾನವಾಗಿ ನನ್ನ ಹೆಬ್ಬೆರಳಿನ ಮೇಲಿಂದ ಕೆಳಗಿಳಿದು, ಎರಡನೇ ಗೀರಿಗೆ ಬಂದು ನಿಂತಿತು.

ರಾಯರು ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದರು. ಚಿಲಕ ಹಾಕಲಿಲ್ಲ. "ಬರ್ತೀನಿ ಮುನಿಶಾಮಿ, ಉಪಕಾರವಾಯ್ತು," ಅಂದು ಹೊರಟರು. ಗುಂಡಿಗಳನ್ನು ಬಳಸಿಕೊಂಡು, ಎತ್ತಿನ ಗಾಡಿಯ ವೇಗದಲ್ಲಿ.

ಉಸ್ತಾದರು ಬಂದಾಗ ನಾನು ನೆಲದ ಮೇಲೆ ಕೂತಿದ್ದೆನಂತೆ. ಎಲ್ಲ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ಕೋಲನ್ನು ತಿರುಗಿಸಿ ತಿರುಗಿಸಿ ನೋಡಿ, "ಸರಿಯಾಗಿ ಕಟ್ಟಿದೀಯ. ಇನ್ನು ಆ ಗಾಡಿ ಎತ್ತಬೇಡ," ಅಂದು ಸೂರಿಗೆ ಸಿಕ್ಕಿಸಿದರು.

ಆಮೇಲೆ ನಾಲ್ಕೈದು ವರ್ಷ ರಾಯರು ವರ್ಷಕ್ಕೊಮ್ಮೆ ಗ್ರೀಸು ಹಾಕಿಸಲು ಬರುತ್ತಿದ್ದರು. ಪ್ರತಿ ಸಲವೂ ಅದೇ ಗೀರು. ನಾವು ಅದರ ಬಗ್ಗೆ ಮಾತಾಡುತ್ತಿರಲಿಲ್ಲ. ನಾನು ಸುತ್ತಿಗೆಗೆ ಗೋಣಿ ಸುತ್ತಿಕೊಳ್ಳುವುದನ್ನು ಮಾತ್ರ ಬಿಡಲಿಲ್ಲ. ಅಷ್ಟರಲ್ಲಿ ಉಸ್ತಾದರು ತೀರಿಹೋದರು, ಅವರ ಮಗ ಶೆಡ್ಡಿಗೆ ಒತ್ತುಯಂತ್ರ ತಂದ. ಕಾಯಿಸದೆಯೇ ಪಾಟಾ ಬಾಗಿಸುತ್ತಿತ್ತು. ಗೋಡೆಗೆ ಅಳತೆಯ ಚಾರ್ಟು ಬಂತು. "ಜನಾನ ಕೂರ್ಸಿ ಅಳಿಯೋದೆಲ್ಲ ಬೇಡ ಮುನಿಶಾಮಣ್ಣ, ಟೈಮ್ ವೇಸ್ಟು," ಅಂದ. ಹಳೇ ಕೋಲುಗಳನ್ನೆಲ್ಲ ಕುಲುಮೆಗೆ ಹಾಕಿಸಿದ. ಒಂದನ್ನು ನಾನು ಮನೆಗೆ ತಂದಿಟ್ಟುಕೊಂಡೆ.

ಒಂದು ದಿನ ಬೆಳಿಗ್ಗೆ ಆವನಿಯಿಂದ ಒಬ್ಬ ರೈತ ಬಸ್ಸಿಳಿದು ಶೆಡ್ಡು ಹುಡುಕಿಕೊಂಡು ಬಂದ. "ನಿಮ್ ಶೆಡ್ಡಿನ ಹೆಸ್ರು ಒಂದು ವ್ಯಾನ್ ಮೇಲೈತೆ. ಬೆಟ್ಟದ ಕೆಳಗೆ ಎರಡು ದಿನದಿಂದ ನಿಂತೈತೆ. ಒಳಗೆ ಯಜಮಾನ್ರು ಏಳ್ತಾ ಇಲ್ಲ. ಪೊಲೀಸ್ನೋರು ಗಾಡಿ ತಳ್ಳಿಸ್ಬೇಕು, ಮೆಕಾನಿಕ್ ಬರ್ಲಿ ಅಂದ್ರು." ನಾನು ಮನೆಗೆ ಹೋಗಿ ಕೋಲು ತಗೊಂಡೇ ಬಸ್ಸು ಹತ್ತಿದೆ. ಯಾಕೆ ತಗೊಂಡೆ ಅಂತ ಕೇಳಿದರೆ ಹೇಳಲಾರೆ.

ರಾಗಿ ಹೊಲದ ಅಂಚಿನಲ್ಲಿ, ಬೆಟ್ಟಕ್ಕೆ ಕಿಟಕಿ ಮಾಡಿ ವ್ಯಾನು ನಿಲ್ಲಿಸಿದ್ದರು. ಮುಳಬಾಗಿಲಿನಿಂದ ಬಂದ ಒಬ್ಬ ಪೇದೆ, ನಾಲ್ಕಾರು ಊರಿನವರು. ಹಿಂದಿನ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ರಾಯರು ಬಲಗಡೆ ಮಂಚದ ಮೇಲೆ ಪಕ್ಕಕ್ಕೆ ತಿರುಗಿ ಮಲಗಿದ್ದರು. ಒಂದು ಕೈ ಎಡಗಡೆ ಮಂಚದ ದುಪ್ಪಟಿಯ ಮೇಲಿತ್ತು. ಮುಖ ನೋಡಿದರೆ ನಿದ್ದೆ ಮಾಡುವವರ ಹಾಗೆಯೇ. ನನಗೆ ದುಃಖ ಒತ್ತರಿಸಿ ಬಂತು. ತೋರಿಸಿಕೊಳ್ಳದೆ ಚಕ್ರದ ಹತ್ತಿರ ಕೂತು ಕೋಲಿಟ್ಟೆ.

ಮೂರನೇ ಗೀರು. ಇಬ್ಬರೂ ಮಲಗಿದಾಗಿನ ಅಳತೆ.

"ಹಿಡೀರಪ್ಪ," ಅಂದ ಪೇದೆ. ನಾಲ್ಕು ಜನ ರಾಯರನ್ನು ಎತ್ತಿ ಮೆಟ್ಟಿಲಿಂದ ಕೆಳಗಿಳಿಸಿದರು. ನಾನು ಕೋಲಿನಿಂದ ಕಣ್ಣು ತೆಗೆಯಲಿಲ್ಲ. ಎರಡನೇ ಗೀರಿಗೆ ಬಂದು ನಿಲ್ಲುತ್ತದೆ, ಆಕೆ ಒಬ್ಬರೇ ಒಳಗೆ ಉಳಿಯುತ್ತಾರೆ, ಆಮೇಲೆ ನಾನು ಏನು ಮಾಡಲಿ ಅನ್ನುವುದೊಂದೇ ನನ್ನ ತಲೆಯಲ್ಲಿತ್ತು. ಪಾಟಾ ಕಿರ್ರೆಂದಿತು. ಅಂಚು ಮೇಲೇಳುತ್ತಾ ಬಂತು. ಎರಡನೇ ಗೀರು ದಾಟಿತು. ನಿಲ್ಲದೆ ಹೋಗಿ ಮೊದಲನೇ ಗೀರಿಗೆ ನಿಂತಿತು. ಎದ್ದು ಭುಜ ಕೊಟ್ಟು ಗಾಡಿ ಅದುಮಿ ಬಿಟ್ಟೆ. ಮತ್ತೆ ಅಲ್ಲಿಗೇ ಬಂತು.

"ಏನ್ ಮೇಸ್ತ್ರಿ ಅಷ್ಟೊತ್ತಿಂದ ಅಳೀತಾ ಇದೀಯಾ?" ಅಂದ ಪೇದೆ.

"ಖಾಲಿ ಐತೆ ಸ್ವಾಮಿ."

"ಇದ್ದ ಒಬ್ಬರನ್ನ ಇಳಿಸಿದ್ಮೇಲೆ ಖಾಲಿ ಇರ್ದೆ ಇನ್ನೇನು?"

ನಾನು ಒಳಗೆ ಹತ್ತಿ ಎಡಗಡೆ ಮಂಚದ ದುಪ್ಪಟಿಯನ್ನು ಮಡಿಸಿಟ್ಟೆ. ಇಳಿದು ಬಂದು ಹಿಂದಿನ ಬಾಗಿಲು ಹಾಕಿ, ಚಿಲಕ ಹಾಕಿದೆ.